ದಾಸ್ತಾನು ವಹಿ

ಖೋ ಖೋ ಕಂಬ, ಎರಡು.
ವಾಲಿಬಾಲ್, ಆರು. ಅದರಲ್ಲಿ ಹಾಳಾದವು ನಾಲ್ಕು.
ಸುಣ್ಣದ ಚೀಲ, ಅರ್ಧ.
ಸೀಟಿ ಒಂದು, ಅದು ನನ್ನ ಕೊರಳಲ್ಲಿದೆ.
ವರ್ಷಕ್ಕೊಮ್ಮೆ ಹೆಡ್ಮಾಸ್ತರರು ಬಂದು ಎಣಿಸುತ್ತಾರೆ,
ಹಸಿರು ಶಾಯಿಯಲ್ಲಿ ರುಜು ಹಾಕುತ್ತಾರೆ.
ಮೊಣಕಾಲಿಗೆ ಈ ವಹಿಯಲ್ಲಿ ಕಾಲಂ ಇಲ್ಲ.

ದಾಕ್ಷಾಯಿಣಿ ಗೊಂಗಡಶೆಟ್ಟಿ, ಎಂಟನೆಯ ಬಿ.
ಹದಿಮೂರು ವರ್ಷ, ಮೂವತ್ನಾಲ್ಕು ಕಿಲೋ.
ಕಂಬ ಹಿಡಿದು ತಿರುಗಿದರೆ
ಜಡೆ ಒಂದು ಕಡೆ, ಆಕೆ ಒಂದು ಕಡೆ;
ಓಡುವ ಹುಡುಗಿ ಇನ್ನೂ ಯೋಚಿಸುತ್ತಿರುವಾಗಲೇ
ಬೆನ್ನಿಗೆ ಈಕೆಯ ಬೆರಳು.

ಇಳಕಲ್ಲಿನ ನಮ್ಮ ಮೈದಾನ ಗರಸಿನದು.
ಬಿದ್ದವರ ಮೊಣಕಾಲಲ್ಲಿ
ಕೆಂಪು ಕಲ್ಲಿನ ಹರಳು ಕೂತಿರುತ್ತವೆ,
ಉಗುಳು ಹಚ್ಚಿ ಒರೆಸಿ ನಗುತ್ತೇವೆ.
ಅದು ಕಣ್ಣಿಗೆ ಕಾಣುವ ಗಾಯ,
ತೊಗಲು ತಾನೇ ಮಾಡಿಕೊಳ್ಳುವ ರಿಪೇರಿ.

ಹುನಗುಂದದಲ್ಲಿ, ತಾಲೂಕು ಸೆಮಿಫೈನಲ್ಲಿನಲ್ಲಿ,
ಕಂಬದ ಬಳಿ ಟಪ್ ಅಂತೊಂದು ಸದ್ದು.
ಪಕ್ಕದ ಅಂಗಳದ ಹುಡುಗರಿಗೂ ಕೇಳಿಸಿತು. ನನಗೂ.
ಆಕೆ ಕೂಗಲಿಲ್ಲ. ನನ್ನ ಮುಖ ನೋಡಿದಳು.
"ಉಳುಕೈತಿ, ಅಷ್ಟ," ಅಂದೆ. "ಐಸ್ ಹಚ್ಚು.
ಇನ್ನ ನಾಕ ನಿಮಿಷ ಅದಾವ."

ಗೇಟಿನ ಕಬ್ಬಿನಹಾಲಿನ ಗಾಡಿಯಿಂದ ಐಸ್ ತಂದರು.
ನಾಲ್ಕು ನಿಮಿಷ ಆಡಿದಳು.
ಗೆದ್ದೆವು. ಅದನ್ನು ಬರೆದಿಟ್ಟಿದ್ದೇನೆ, ಬೇರೆ ವಹಿಯಲ್ಲಿ.

ಮನೆಯಲ್ಲಿ ಅಜ್ಜಿ ಎಕ್ಕದ ಎಲೆ ಕಾಸಿ ಕಟ್ಟಿದರು.
ಉಳುಕು ತೆಗೆಯುವವ ಬಂದು ಎಳೆದು ಹೋದ.
ಇಪ್ಪತ್ತೆರಡನೆಯ ದಿನ ಬಾಗಲಕೋಟೆಯ ದವಾಖಾನೆ.
ಕೊಳವೆಯಂಥ ಯಂತ್ರದೊಳಗೆ ಆಕೆ,
ಹೊರಗೆ ನಾನೂ ಅವರಪ್ಪನೂ,
ನಡುವೆ ಒಂದು ಖಾಲಿ ಕುರ್ಚಿ.

ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದರು:
"ಒಳಗಿನ ದಾರ ಹರದೈತಿ, ಪೂರಾ."
ಮಹಾಂತಪ್ಪ ಗೊಂಗಡಶೆಟ್ಟರು ನೇಕಾರರು.
ದಾರ ಅಂದಕೂಡಲೇ ಮುಂದೆ ಸರಿದು ಕೂತರು.
"ಹರದದ್ದು ಕೂಡಸಬಹುದಲ್ರೀ? ನಾ ದಿನಾ ಕೂಡಸ್ತೇನಿ.
ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿದ್ರ
ಎಲ್ಲಿ ಕೂಡೇತಿ ಅಂತ ಉಟ್ಟಾಕಿಗೂ ತಿಳಿಯಂಗಿಲ್ಲ."
"ಇದು ಕೂಡಂಗಿಲ್ರಿ. ತೊಡಿ ಹಿಂದಿಂದ ಒಂದ ಎಳಿ ತಗದು
ಹೊಸದು ಹಾಕಬೇಕು. ಅದಕ್ಕೂ, ಎಲುಬಿನ ತುದಿಗೆ ಈ ಗೆರಿ ನೋಡ್ರಿ,
ಹುಡುಗಿ ಇನ್ನೂ ಬೆಳೀಲಿಕ್ಹತ್ಯಾಳ.
ಅವಸರ ಮಾಡಿದ್ರ ಒಂದ ಕಾಲ ಗಿಡ್ಡ ಆದೀತು."

ಬೆಳೆಯುತ್ತಿದ್ದಾಳೆ.
ಅದನ್ನು ನಾನೆಂದೂ ನೋಡಿರಲಿಲ್ಲ.
ತಿರುಗುವುದನ್ನು ನೋಡಿದ್ದೆ.

ಬಸ್ಸಿನಲ್ಲಿ ಎಡಗಾಲು ಚಾಚಿಯೇ ಕೂತೆ,
ಮೂವತ್ತು ವರ್ಷದಿಂದ ಪೂರ್ತಿ ಮಡಚದ ಕಾಲು.
ನನಗೂ ಒಬ್ಬರು ಮಾಸ್ತರರಿದ್ದರು.
ಅವರೂ ಕೆಟ್ಟವರಲ್ಲ.

ಆ ರಾತ್ರಿ ವಹಿಯ ಹಿಂಬದಿಯ ಪುಟದಲ್ಲಿ
ಪೆನ್ಸಿಲಿನಿಂದ ಬರೆಯತೊಡಗಿದೆ:
ಶಿವಲೀಲಾ, ಬಲಗಾಲು, ಕಬಡ್ಡಿ.
ಆಸೀಫ, ಹೈಜಂಪು, ಆಮೇಲೆ ಶಾಲೆಗೇ ಬರಲಿಲ್ಲ.
ಅನ್ನಪೂರ್ಣಾ, ಈಗ ಅಮೀನಗಡದ ಸೊಸೆ,
ಮೆಟ್ಟಿಲನ್ನು ಇಂದಿಗೂ ಅಡ್ಡಡ್ಡ ಹತ್ತುತ್ತಾಳೆ.
ಪುಟ ತುಂಬುವ ಮೊದಲೇ ಪೆನ್ಸಿಲು ಕೆಳಗಿಟ್ಟೆ.

ಮೊನ್ನೆ ಮನೆಗೆ ಹೋಗಿದ್ದೆ.
ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಮಗ್ಗ ತುಳಿಯುತ್ತಿದ್ದರು.
ಗೋಡೆಗೊರಗಿ ದಾಕ್ಷಾಯಿಣಿ,
ಮೊಣಕಾಲ ಕೆಳಗೆ ಟವೆಲ್ಲಿನ ಸುರುಳಿ.
ಒತ್ತು, ಹತ್ತು ಎಣಿಸು, ಬಿಡು.
ಎಣಿಕೆ ಬಾಯಲ್ಲಿಲ್ಲ,
ಹಲಗೆ ಬಡಿಯುವ ಸದ್ದೇ ಎಣಿಕೆ.
ಏಳರ ಹತ್ತಿರ ಎಳೆ ಹರಿದು ಅಪ್ಪ ನಿಲ್ಲಿಸಿದರು.
ಆಕೆ ಬಿಡಲಿಲ್ಲ, ಒತ್ತಿಯೇ ಕಾದಳು,
ತೊಡೆ ಸಣ್ಣಗೆ ನಡುಗುತ್ತಿತ್ತು.

ಚಹಾ ಬಂತು. ಆಡಬೇಕೆಂದು ತಂದ ಮಾತು
ಚಹಾದ ಜೊತೆ ಕೆಳಗಿಳಿಯಿತು.

"ಸರ್, ಈಗ ಕಂಬದ ಹಂತೇಕ ಯಾರು ತಿರಗ್ತಾರ?"
"ರೇಷ್ಮಾ ಬಾಗವಾನ. ಏಳನೇತ್ತ."
"ಚೊಲೋ ಓಡ್ತಾಳ."
ಆಮೇಲೆ, ನನ್ನ ಕಡೆ ನೋಡದೆ:
"ಆಕಿಗೆ ಹೇಳ್ರಿ, ಬ್ಯಾನಿ ಆದ್ರ ಕೂತಬಿಡು ಅಂತ.
ನೀವು ಏನ ಅಂದ್ರೂ."

ಹಲಗೆ ಬಡಿಯಿತು.
ಎಂಟು.